ದುಡ್ಡು ಕೊಟ್ಟವರ ಅಂಗಡಿಗೇ ಮಾಲು

ನಮಸ್ಕಾರ. ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಸ್ಟಾರ್ಟಪ್ ಮಾತು ಜೋರಾಗಿದೆ. ನನಗೆ ಖುಷಿಯೇ. ಆದರೆ ಉದ್ಯೋಗ ಶುರು ಮಾಡೋದಕ್ಕೆ ಮೊದಲು ಯಾರೋ ನಿಮ್ಮನ್ನು ನಂಬಿ ದುಡ್ಡು ಕೊಡಬೇಕಲ್ವಾ? ಏನು ನೋಡಿ ನಂಬುತ್ತಾರೆ?

ಗದಗಿನ ಹತ್ತಿರದ ಕಣಗಿನಹಾಳಕ್ಕೆ ಹೋಗೋಣ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಹಿಂದಿನ ವರ್ಷವಷ್ಟೇ ಅದಕ್ಕೆ ಕಾಯ್ದೆ ಬಂದಿತ್ತು. ಹಳ್ಳಿ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ, ಆ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಉಳಿದವರ ತಲೆ ಮೇಲೆ. ಹಾಗಾಗಿ ಸಾಲ ಕೇಳಿದವನು ದುಡಿಯುತ್ತಾನಾ, ಮಾತಿಗೆ ನಿಲ್ಲುತ್ತಾನಾ ಅಂತ ಊರೇ ನೋಡಬೇಕಿತ್ತು.

ಈಗ ಸಹಕಾರಿ ಸೊಸೈಟಿಯಲ್ಲಿ ಮೊದಲು ಕೇಳುವುದು ಉತಾರ, ಅಂದರೆ ಹೊಲದ ಪಹಣಿ. ಹೊಲ ಇದ್ದರೆ ಬೆಳೆಸಾಲ. ಅದೂ ಸಾಲದಿದ್ದರೆ ದಲಾಲರ ಹತ್ತಿರ ಮುಂಗಡ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನೋಡಿ. ವ್ಯಾಪಾರಿ ರಾಶಿಯಿಂದ ಒಂದು ಕಾಯಿ ಎತ್ತಿ ಮುರಿಯುತ್ತಾನೆ, ಬೀಜ ನೋಡುತ್ತಾನೆ, ಹಿಚುಕಿ ತೇವ ಎಷ್ಟಿದೆ ಅಂತ ಅಂದಾಜು ಮಾಡುತ್ತಾನೆ. ಆಮೇಲೆ ಇ-ಟೆಂಡರ್‌ನಲ್ಲಿ ದರ ಹಾಕುತ್ತಾನೆ. ಪಕ್ಕದವನು ಎಷ್ಟು ಹಾಕಿದ ಅಂತ ಗೊತ್ತಾಗಲ್ಲ. ಇದು ನಿಜವಾದ ಸುಧಾರಣೆ. ಆದರೆ ಮುಂಗಾರಿನಲ್ಲಿ ಬೀಜ, ಗೊಬ್ಬರಕ್ಕೆ ಮುಂಗಡ ತಗೊಂಡ ರೈತನ ಚೀಲ ಇಳಿಯುವುದು ಮುಂಗಡ ಕೊಟ್ಟ ದಲಾಲರ ಅಂಗಡಿಯಲ್ಲೇ. ದರ ಹಾಕುವ ಪದ್ಧತಿ ಬದಲಾಯಿತು, ಸಾಲದ ಪದ್ಧತಿ ಹಳೆಯದೇ ಉಳಿಯಿತು.

ಅದೇ ರಾಶಿಯ ಪಕ್ಕ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕೂತಿರುತ್ತಾರೆ. ಯಾವುದು ಡಬ್ಬಿ ತಳಿ, ಯಾವುದು ಕಡ್ಡಿ ತಳಿ, ಯಾವ ಕಾಯಿಗೆ ಬಣ್ಣ ಚೆನ್ನಾಗಿ ಬರುತ್ತದೆ, ಕೈಗೆ ತಗೊಂಡರೆ ಹೇಳುತ್ತಾರೆ. ಇವರಲ್ಲಿ ಒಬ್ಬರು ಖಾರದ ಪುಡಿ ಮಾಡುವ ಗಿರಣಿ ಹಾಕಬೇಕು ಅಂದರೆ? ಹೆಸರಿಗೆ ಹೊಲ ಇಲ್ಲ. ದಲಾಲರಿಗೆ ಬೇಕಾದದ್ದು ಚೀಲ, ಗಿರಣಿ ಅಲ್ಲ. ಮಹಿಳಾ ಸಂಘದ ಸಾಲ ಮಷೀನಿಗೆ ಸಾಲಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವರು ಕೂಲಿಯಲ್ಲೇ ಉಳಿಯುತ್ತಾರೆ. ನನಗೆ ಸಂಕಟ ಆಗೋದು ಇಲ್ಲೇ.

ದಾರಿ ಇಲ್ಲ ಅಂತಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ಚೀಲ ಇಟ್ಟರೆ ರಸೀದಿ ಮೇಲೆ ಸಾಲ ಸಿಗುತ್ತದೆ. ಉಗ್ರಾಣ ರಸೀದಿಗೆ 2007ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಅಂದರೆ ಹೊಲ ಬಿಟ್ಟು ಮಾಲನ್ನೂ ನಂಬಬಹುದು. ಗಿರಣಿಗೆ ಬಂದ ಆರ್ಡರನ್ನು, ಜೊತೆಗೆ ನಾಲ್ಕು ಜನರ ಜಾಮೀನನ್ನು ಸೊಸೈಟಿ ಯಾಕೆ ನಂಬಬಾರದು?

ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಸೊಸೈಟಿಯ ವಾರ್ಷಿಕ ಸಭೆ ಇರುತ್ತದೆ. ಸುಮ್ನೆ ಚಹಾ ಕುಡಿದು ಬರಬೇಡಿ. ಹೊಲ ಇಲ್ಲದವರಿಗೆ ಈ ವರ್ಷ ಎಷ್ಟು ಸಾಲ ಕೊಟ್ಟಿದ್ದೀರಿ ಅಂತ ಕೇಳಿ. ಏನು ಉತ್ತರ ಬಂತು ಅಂತ ನನಗೂ ಬರೆದು ತಿಳಿಸಿ.