ಹಳೇ ಹಾಡುಗಾರರಿಗೊಂದು ಮನೆ

ಕೇಳುಗರಿಗೆ ನಮಸ್ಕಾರ.

ಇಟಲಿಯ ಮಿಲಾನ್ ನಗರದಲ್ಲಿ ಲಾ ಸ್ಕಾಲಾ ಅಂತ ಹೆಸರಾಂತ ರಂಗಮಂದಿರವಿದೆ. ಅದರ ಮ್ಯೂಸಿಯಂನಲ್ಲಿ ಒಂದು ಹಳೇ ಸ್ಪಿನೆಟ್ ಇಟ್ಟಿದ್ದಾರೆ. ಪಿಯಾನೋಗಿಂತ ಚಿಕ್ಕದು, ಕೀ ಒತ್ತಿದರೆ ಒಳಗಿನ ಕಡ್ಡಿ ತಂತಿಯನ್ನು ಮೀಟುತ್ತದೆ. 1821ರಲ್ಲಿ ಇದು ಕೆಟ್ಟು ಕೂತಿತ್ತು. ಸ್ತೇಫಾನೋ ಕವಲೆತ್ತಿ ಎಂಬ ರಿಪೇರಿಯವರು ಬಂದು, ಕಡ್ಡಿಗಳನ್ನು ಹೊಸದಾಗಿ ಹಾಕಿ, ಚರ್ಮ ಕೂರಿಸಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ವಾದ್ಯದ ಒಳಗೆ ಬರೆದಿಟ್ಟು ಹೋದರು: ಈ ಹುಡುಗನಿಗೆ ಕಲಿಯುವ ಆಸೆ ಇದೆ, ನನಗೆ ಅಷ್ಟೇ ಸಾಕು ಅಂತ.

ಹುಡುಗನಿಗೆ ಆಗ ಏಳೆಂಟು ವರ್ಷ. ಹೆಸರು ಜ್ಯುಸೆಪ್ಪೆ ವೆರ್ದಿ, ಮುಂದೆ ಇಟಲಿಯ ಹೆಸರಾಂತ ಸಂಗೀತ ಸಂಯೋಜಕ.

ವೆರ್ದಿ ಹುಟ್ಟಿದ್ದು 1813ರ ಅಕ್ಟೋಬರ್‌ನಲ್ಲಿ, ಲೆ ರೊಂಕೊಲೆ ಎಂಬ ಸಣ್ಣ ಹಳ್ಳಿಯಲ್ಲಿ. ಅಪ್ಪ ಅಲ್ಲೇ ಪ್ರಯಾಣಿಕರಿಗೆ ಊಟ, ವೈನ್ ಕೊಡುವ ಅಂಗಡಿ ಇಟ್ಟುಕೊಂಡಿದ್ದರು. ಪಕ್ಕದ ಬುಸ್ಸೆತೊ ಪೇಟೆಯ ವ್ಯಾಪಾರಿ ಆಂತೋನಿಯೊ ಬರೆಜ್ಜಿ ಹುಡುಗನ ಕೈ ಹಿಡಿದರು. ಅವರ ಬೆಂಬಲದಲ್ಲೇ 1832ರಲ್ಲಿ ವೆರ್ದಿ ಮಿಲಾನಿನ ಸಂಗೀತ ಶಾಲೆಗೆ ಅರ್ಜಿ ಹಾಕಿದರು. ಶಾಲೆ ಸೇರಿಸಿಕೊಳ್ಳಲಿಲ್ಲ. ವಯಸ್ಸು ಜಾಸ್ತಿಯಾಯಿತು, ಪಿಯಾನೋ ಮೇಲೆ ಕೈ ಇಡುವ ಕ್ರಮ ಸರಿಯಿಲ್ಲ ಅಂದರು. ಈಗ ಆ ಶಾಲೆಯ ಹೆಸರೇ ಜ್ಯುಸೆಪ್ಪೆ ವೆರ್ದಿ ಶಾಲೆ!

ಬರೆಜ್ಜಿಯವರ ಮಗಳು ಮಾರ್ಗೆರಿತಾಳನ್ನೇ ವೆರ್ದಿ ಮದುವೆಯಾದರು. ಎರಡು ಮಕ್ಕಳಾದವು. 1838ರಲ್ಲಿ ಮಗಳು ತೀರಿಹೋದಳು. ಮರುವರ್ಷ ಮಗ. 1840ರಲ್ಲಿ ಹೆಂಡತಿಯೂ ಹೋದಳು. ಆ ಹೊತ್ತಿಗೆ ಅವರ ಮುಂದಿದ್ದ ಕೆಲಸ ಏನು ಗೊತ್ತಾ? ಲಾ ಸ್ಕಾಲಾಗೆ ಒಪ್ಪಿಕೊಂಡಿದ್ದ ಒಂದು ಹಾಸ್ಯ ಒಪೆರಾ. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಹೇಗೋ ಬರೆದು ಮುಗಿಸಿದರು. ಜನ ಮೆಚ್ಚಲಿಲ್ಲ. ಇನ್ನು ಸಂಗೀತವೇ ಬೇಡ ಅಂದುಬಿಟ್ಟರು.

ಮುಂದಿನದನ್ನು ಅವರೇ ವಯಸ್ಸಾದ ಮೇಲೆ ಹೇಳಿದ್ದು. ಲಾ ಸ್ಕಾಲಾದ ಯಜಮಾನರು ಹೊಸ ನಾಟಕವೊಂದರ ಸಾಹಿತ್ಯವನ್ನು ಬಲವಂತವಾಗಿ ಕೈಗೆ ತುರುಕಿದರಂತೆ. ಮನೆಗೆ ಬಂದು ಮೇಜಿನ ಮೇಲೆ ಎಸೆದಾಗ ಅದು ತಾನಾಗಿ ತೆರೆದುಕೊಂಡಿತಂತೆ. ಕಣ್ಣಿಗೆ ಬಿದ್ದದ್ದು ಸೆರೆಯಲ್ಲಿರುವ ಯಹೂದಿಗಳು ತಮ್ಮ ಊರನ್ನು ನೆನೆಯುವ ಹಾಡು. ಈ ಕಥೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ 1842ರಲ್ಲಿ ಅದೇ ನಾಟಕ, ‘ನಬುಕ್ಕೊ’, ಅವರನ್ನು ಇಟಲಿಯ ಮನೆಮಾತು ಮಾಡಿದ್ದಂತೂ ನಿಜ.

ಆಮೇಲೆ ‘ರಿಗೊಲೆತ್ತೊ’, ‘ಲಾ ತ್ರಾವಿಯಾತಾ’, 1871ರಲ್ಲಿ ಕೈರೋದಲ್ಲಿ ‘ಐದಾ’. ‘ಐದಾ’ ಅಂದಾಗ ಒಂದು ಜಗಳ ನೆನಪಾಗುತ್ತದೆ. ಒಬ್ಬ ಪ್ರೇಕ್ಷಕನಿಗೆ ಅದು ಹಿಡಿಸಲಿಲ್ಲ. ಎಲ್ಲರೂ ಹೊಗಳುತ್ತಾರಲ್ಲ ಅಂತ ಎರಡನೇ ಸಲ ಹೋಗಿ ನೋಡಿದ. ಆಗಲೂ ಹಿಡಿಸಲಿಲ್ಲ. ರೈಲು, ಟಿಕೆಟ್, ರಾತ್ರಿ ಊಟ ಎಲ್ಲ ಸೇರಿ 31 ಲೀರಾ 80 ಕೊಡಿ ಅಂತ ನೇರ ವೆರ್ದಿಗೇ ಕಾಗದ ಬರೆದ! ವೆರ್ದಿ ಸಿಟ್ಟಾಗಲಿಲ್ಲ. 27 ಲೀರಾ 80 ಕೊಡಿಸಿದರು. ಊಟದ ದುಡ್ಡು ಕೊಡಲಿಲ್ಲ, ಮನೆಯಲ್ಲೇ ಉಣ್ಣಬಹುದಿತ್ತಲ್ವಾ ಅಂದರು. ಜೊತೆಗೆ, ಇನ್ನು ನನ್ನ ಹೊಸ ಒಪೆರಾ ನೋಡಲು ಬರುವುದಿಲ್ಲ ಅಂತ ಅವನಿಂದ ಬರೆಸಿಕೊಂಡರು. ಬುಸ್ಸೆತೊ ಹತ್ತಿರದ ಸಾಂತಾಗಾತಾದಲ್ಲಿ ಜಮೀನು ಮಾಡಿ, ನಾನು ರೈತ ಅಂತಲೇ ಹೇಳಿಕೊಳ್ಳುತ್ತಿದ್ದ ಮನುಷ್ಯ. ಲೆಕ್ಕ ಅಂದರೆ ಲೆಕ್ಕ.

‘ಫಾಲ್‌ಸ್ಟಾಫ್’ ರಂಗಕ್ಕೆ ಬಂದಾಗ ಅವರಿಗೆ 79. ಅದೂ ಹಾಸ್ಯದ್ದೇ. ಜನ ಈ ಸಲ ನಕ್ಕರು. ಅಷ್ಟಾದ ಮೇಲೆ ಸುಮ್ನೆ ಕೂರಬಹುದಿತ್ತು. ಮಿಲಾನಿನಲ್ಲಿ ಮನೆ ಕಟ್ಟಿಸಲು ಶುರು ಮಾಡಿದರು, ತಮಗಲ್ಲ. ದುಡಿದದ್ದನ್ನು ಉಳಿಸಿಕೊಳ್ಳಲಾಗದೆ ಮುಪ್ಪಿನಲ್ಲಿ ಕೈ ಖಾಲಿಯಾದ ಹಾಡುಗಾರರು, ವಾದ್ಯಗಾರರು ಇರುವುದಕ್ಕೆ. ಅವರೆಲ್ಲ ನನ್ನ ಬಡ ಸಂಗಾತಿಗಳು, ನನ್ನ ಒಪೆರಾಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ ಅಂತ ಬರೆದರು. ಇಟಾಲಿಯನ್ ಭಾಷೆಯಲ್ಲಿ ಒಪೆರಾ ಅಂದರೆ ‘ಕೆಲಸ’ ಅಂತಲೂ ಅರ್ಥ.

ಕಟ್ಟಡ 1899ರ ಹೊತ್ತಿಗೆ ಸಿದ್ಧವಾಯಿತು. ಆದರೆ ನಾನು ಬದುಕಿರುವ ತನಕ ಯಾರನ್ನೂ ಸೇರಿಸಬೇಡಿ ಅಂದರು. ಬಂದವರು ಕೈ ಮುಗಿಯುತ್ತಾರಲ್ಲ, ಅದು ಬೇಡವಾಗಿತ್ತು.

1901ರ ಜನವರಿಯಲ್ಲಿ ಮಿಲಾನಿನ ಹೋಟೆಲೊಂದರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಕುದುರೆ ಗಾಡಿಗಳ ಸದ್ದು ಕೇಳಿಸಬಾರದು ಅಂತ ಹೋಟೆಲಿನ ಬೀದಿಗೆಲ್ಲ ಹುಲ್ಲು ಹಾಸಿದರು. ಜನವರಿ 27ರ ಬೆಳಗಿನ ಜಾವ ಹೋದರು. ಹಾಡು ಬೇಡ, ವಾದ್ಯ ಬೇಡ ಅಂತ ಉಯಿಲಿನಲ್ಲಿ ಬರೆದಿದ್ದರು. ಹಾಗೇ ಆಯಿತು. ಒಂದು ತಿಂಗಳಾದ ಮೇಲೆ ಅವರನ್ನೂ, ಎರಡನೇ ಹೆಂಡತಿ ಜ್ಯುಸೆಪ್ಪೀನಾರನ್ನೂ ಆ ಹೊಸ ಮನೆಯ ಸಮಾಧಿಗೆ ತಂದರು. ಅವತ್ತು ಮಾತ್ರ ಯಾರೂ ಸುಮ್ಮನಿರಲಿಲ್ಲ. ವಾದ್ಯಗೋಷ್ಠಿಗಳನ್ನು ನಡೆಸುತ್ತಿದ್ದ ತೊಸ್ಕನೀನಿ ಕೈಯೆತ್ತಿದರು, ನೂರಾರು ಕಂಠಗಳು ‘ನಬುಕ್ಕೊ’ದ ಆ ಸೆರೆಯಾಳುಗಳ ಹಾಡನ್ನು ಹಾಡಿದವು.

ಮನೆಯ ಬಾಗಿಲು ತೆರೆದದ್ದು 1902ರ ಅಕ್ಟೋಬರ್ 10ಕ್ಕೆ. ಒಪೆರಾಗಳ ರಾಯಲ್ಟಿಯನ್ನು ವೆರ್ದಿ ಅದಕ್ಕೇ ಬರೆದುಕೊಟ್ಟಿದ್ದರು. ಎಲ್ಲೋ ದೂರದಲ್ಲಿ ‘ಲಾ ತ್ರಾವಿಯಾತಾ’ ಆಡಿದರೆ, ಇಲ್ಲಿ ಅಡುಗೆಮನೆಗೆ ಸಾಮಾನು ಬರುತ್ತಿತ್ತು. ಈಗಲೂ ಅಲ್ಲಿ ಮುದಿ ಸಂಗೀತಗಾರರಿದ್ದಾರೆ. ಸಂಗೀತ ಕಲಿಯುವ ಕೆಲವು ಹುಡುಗ ಹುಡುಗಿಯರಿಗೂ ಜಾಗ ಕೊಟ್ಟಿದ್ದಾರೆ.

ನಮಸ್ಕಾರ.