ರೈಲು ಕಾರ್ಖಾನೆ ಇದ್ದ ಜಾಗದಲ್ಲಿ ಒಂದು ಕಚೇರಿ

ಎಲ್ಲರಿಗೂ ನಮಸ್ಕಾರ. ಕಡಿಮೆ ಕರೆಂಟು ಸುಡುವ ಕಟ್ಟಡ ಅಂದ ತಕ್ಷಣ ಎಲ್ಲರ ಕಣ್ಣೂ ಚಾವಣಿಯ ಸೋಲಾರ್ ಫಲಕಗಳ ಕಡೆಗೆ ಹೋಗುತ್ತದೆ, ಅಲ್ವಾ? ನಾನು ಇವತ್ತು ಅವುಗಳ ಮಾತನ್ನು ಕೊನೆಗೆ ಎತ್ತುತ್ತೇನೆ. ಮೊದಲು ನೆಲ, ಆಮೇಲೆ ಬೆಳಕು, ಆಮೇಲೆ ಗಾಳಿ.

ಇದಕ್ಕೆ ಒಂದೇ ಕಟ್ಟಡ ಹಿಡಿದುಕೊಳ್ಳೋಣ. ಇಂಗ್ಲೆಂಡಿನ ಸ್ವಿಂಡನ್‌ನಲ್ಲಿರುವ ಹೀಲಿಸ್. ಹಳೆಯ ಮನೆಗಳು, ಕಾಡು, ಕಡಲತೀರ ಕಾಪಾಡುವುದಕ್ಕೆ 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್‌ನ ಕೇಂದ್ರ ಕಚೇರಿ ಅದು. 2005ರಲ್ಲಿ ಶುರುವಾಯಿತು. ವಿನ್ಯಾಸ ಫೀಲ್ಡೆನ್ ಕ್ಲೆಗ್ ಬ್ರಾಡ್ಲಿ ಅನ್ನುವ ವಾಸ್ತುಶಿಲ್ಪ ಸಂಸ್ಥೆಯದು. ಗಾಳಿ, ಬೆಳಕು, ಶಾಖದ ಲೆಕ್ಕವೆಲ್ಲ ಮ್ಯಾಕ್ಸ್ ಫೋರ್ಡ್‌ಹ್ಯಾಮ್ ಸಂಸ್ಥೆಯದು. ಅಲ್ಲಿ ಮೊದಲು ಇದ್ದದ್ದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಾರ್ಖಾನೆ. 1843ರಲ್ಲಿ ಕೆಲಸ ಶುರು ಮಾಡಿ, ತಲೆಮಾರುಗಟ್ಟಲೆ ರೈಲು ಎಂಜಿನ್ ಕಟ್ಟಿ, 1986ರಲ್ಲಿ ಬಾಗಿಲು ಹಾಕಿತು.

ಇಂಥ ಜಾಗ ಖಾಲಿ ಕಂಡರೂ ಖಾಲಿ ಇರುವುದಿಲ್ಲ. ಎಣ್ಣೆ, ಕಲ್ಲಿದ್ದಲ ಬೂದಿ, ಬಣ್ಣದ ಸೀಸ, ಕಲ್ನಾರು (ಆಸ್ಬೆಸ್ಟಾಸ್), ಇವೆಲ್ಲ ರೈಲು ಕಾರ್ಖಾನೆಯ ಮಣ್ಣಿನಲ್ಲಿ ಸಿಗಬಹುದಾದ ವಸ್ತುಗಳು. ಉಗಿ ಎಂಜಿನ್ನಿನ ಬಾಯ್ಲರಿಗೆ ಕಲ್ನಾರು ಹೊದಿಸುತ್ತಿದ್ದ ಆ ಊರಿನ ಕೆಲಸಗಾರರಲ್ಲಿ ಎಷ್ಟೋ ಜನ ದಶಕಗಳ ನಂತರ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಿನಿಂದ ಸತ್ತರು, ಎಷ್ಟರಮಟ್ಟಿಗೆ ಅಂದರೆ ಆ ಕಾಯಿಲೆಗೆ ‘ಸ್ವಿಂಡನ್ ರೋಗ’ ಅನ್ನುವ ಹೆಸರೇ ಬಂತು. ಅದಕ್ಕೇ ಹಳೆ ಕಾರ್ಖಾನೆಯ ಜಾಗ ಕೈಗೆ ಬಂದರೆ ಮೊದಲ ಕೆಲಸ ಹಳೆಯ ನಕ್ಷೆ ಹುಡುಕುವುದು. ಎಣ್ಣೆಯ ಟ್ಯಾಂಕ್ ಎಲ್ಲಿತ್ತು, ಬಣ್ಣ ಎಲ್ಲಿ ಬಳಿಯುತ್ತಿದ್ದರು ಅಂತ ಗೊತ್ತಾದರೆ ಎಲ್ಲಿ ಕೊರೆದು ಮಣ್ಣು, ಅಂತರ್ಜಲ ಪರೀಕ್ಷೆ ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಸಿಕ್ಕಿದ ವಿಷವನ್ನೆಲ್ಲ ಅಗೆದು ಲಾರಿಗೆ ತುಂಬಲೇಬೇಕು ಅಂತೇನಿಲ್ಲ. ಅದು ಮನುಷ್ಯರನ್ನೋ ನೀರನ್ನೋ ಮುಟ್ಟುವ ದಾರಿ ಇದೆಯಾ ಅಂತ ನೋಡಬೇಕು. ದಾರಿ ಮುಚ್ಚಲು ಆಗುತ್ತದೆ ಅಂದರೆ ಎಷ್ಟೋ ಸಲ ಅಷ್ಟೇ ಸಾಕು.

ಈಗ ಬೆಳಕು. ನನಗೆ ಈ ಕಟ್ಟಡದಲ್ಲಿ ತುಂಬ ಇಷ್ಟವಾಗುವುದು ಇದೇ.

1843ರ ಕಾರ್ಖಾನೆಯಲ್ಲಿ ವಿದ್ಯುತ್ ದೀಪ ಇರಲಿಲ್ಲ. ದೊಡ್ಡ ಶೆಡ್ಡಿನ ನಟ್ಟನಡುವೆ ನಿಂತವನಿಗೂ ಕೆಲಸ ಕಾಣಬೇಕು. ಹಾಗಾಗಿ ಆ ಕಾಲದ ಕಾರ್ಖಾನೆಗಳು ಬೆಳಕನ್ನು ಚಾವಣಿಯಿಂದ ಇಳಿಸಿಕೊಂಡವು, ಗರಗಸದ ಹಲ್ಲಿನ ಹಾಗೆ ಸಾಲು ಸಾಲು ಇಳಿಜಾರು, ಅದರ ಉತ್ತರದ ಮುಖಕ್ಕೆ ಗಾಜು. ಕಚೇರಿಗೂ ಇದೇ ತೊಂದರೆ ಇದೆ. ಕಿಟಕಿಯ ಬೆಳಕು ಅದರ ಮೇಲಂಚಿನ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗೆ ಕೆಲಸಕ್ಕೆ ಬರುತ್ತದೆ. ಮೂರು ಮೀಟರ್ ಎತ್ತರವಿದ್ದರೆ ಆರೇಳು ಮೀಟರ್, ಅಷ್ಟೇ. ಅದರಾಚೆ ಕೂತವರಿಗೆ ಹಗಲಿಡೀ ಟ್ಯೂಬ್‌ಲೈಟ್. ಹೀಲಿಸ್ ಅಗಲವಾದ ಎರಡು ಅಂತಸ್ತಿನ ಕಟ್ಟಡ. ಹಾಗಾಗಿ ಅಲ್ಲಿ ಹಳೆ ಕಾರ್ಖಾನೆಯ ಉಪಾಯವನ್ನೇ ಮತ್ತೆ ತಂದರು. ಚಾವಣಿಯಿಂದ ಬೆಳಕು, ನಡುವೆ ತೆರೆದ ಅಂಗಳ. ಮಹಡಿಯ ನೆಲವನ್ನು ಪೂರ್ತಿ ಮುಚ್ಚದೆ ಅಲ್ಲಲ್ಲಿ ಬಿಟ್ಟಿದ್ದಾರೆ, ಕೆಳಗಿನವರಿಗೂ ಬೆಳಕು ಸಿಗಲಿ ಅಂತ.

ಗಾಳಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕೆಂದರೆ ಬಾಯಿಮಾತಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಬಿಸಿಯಾದ ಗಾಳಿ ಮೇಲೇರಿ ಚಾವಣಿಯ ಕಿಂಡಿಗಳಿಂದ ಹೊರಗೆ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಣ್ಣನೆಯದು ಬರುತ್ತದೆ. ಇದನ್ನು ಬೇಸಿಗೆಯ ರಾತ್ರಿಯೂ ನಡೆಯಲು ಬಿಟ್ಟರೆ ಕಾಂಕ್ರೀಟ್ ತಣ್ಣಗಾಗುತ್ತದೆ. ತಲೆಯ ಮೇಲಿನ ಕಾಂಕ್ರೀಟ್ ಚಪ್ಪಡಿಯ ಒಂದು ಚದರ ಮೀಟರಿನಲ್ಲಿ ಕೆಳಭಾಗದ 10 ಸೆಂಟಿಮೀಟರ್ ದಪ್ಪವನ್ನಷ್ಟೇ ಲೆಕ್ಕಕ್ಕೆ ತಗೊಂಡರೆ ಸುಮಾರು 240 ಕಿಲೋ ತೂಕ. ರಾತ್ರಿ ಅದು 3 ಡಿಗ್ರಿ ತಣ್ಣಗಾದರೆ ಹಗಲು ಸುಮಾರು 0.18 ಯೂನಿಟ್ ಶಾಖ ಹೀರಬಲ್ಲದು. ಒಬ್ಬರ ಪಾಲಿಗೆ 10 ಚದರ ಮೀಟರ್ ಬಂದರೆ 1.8 ಯೂನಿಟ್ ಆಯಿತು. ಕುಳಿತ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ, ಕಂಪ್ಯೂಟರ್ ಇನ್ನೊಂದು 100 ಅಂದುಕೊಳ್ಳಿ. 8 ಗಂಟೆಗೆ 1.6 ಯೂನಿಟ್. ಸರಿಹೋಯಿತಲ್ಲ! ಆದರೆ ಎರಡು ಷರತ್ತು. ರಾತ್ರಿ ಹೊರಗೆ ನಿಜಕ್ಕೂ ತಂಪಿರಬೇಕು, ಮತ್ತೆ ಕಾಂಕ್ರೀಟು ಕೋಣೆಯ ಗಾಳಿಗೆ ಬರಿ ಮೈ ಒಡ್ಡಿರಬೇಕು. ಚೆಂದಕ್ಕೆ ಅಂತ ಫಾಲ್ಸ್ ಸೀಲಿಂಗ್ ಹಾಕಿದರೆ ಈ ಲೆಕ್ಕವೆಲ್ಲ ಅದರ ಮೇಲೆಯೇ ಉಳಿದುಬಿಡುತ್ತದೆ. ಈ ತಪ್ಪು ತುಂಬ ಕಡೆ ಆಗುತ್ತದೆ, ನೋಡಿದರೆ ಸಂಕಟವಾಗುತ್ತದೆ.

ಒಳಗಿನ ಸಾಮಾನಿನ ಬಗ್ಗೆ ಒಂದೇ ಮಾತು. ಹೀಲಿಸ್ ಅನ್ನುವುದು ಮಕ್ಕಳ ಕತೆಗಳ ಬಿಯಾಟ್ರಿಕ್ಸ್ ಪಾಟರ್ ಅವರಿಗೆ ಮದುವೆಯಿಂದ ಬಂದ ಮನೆತನದ ಹೆಸರು. ಅವರು ಹರ್ಡ್‌ವಿಕ್ ಕುರಿ ಸಾಕುತ್ತಿದ್ದರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಜಾಸ್ತಿ ಜಮೀನನ್ನು ಟ್ರಸ್ಟಿಗೆ ಬಿಟ್ಟುಹೋದರು. ಈ ಕಚೇರಿಯ ನೆಲಹಾಸು ಟ್ರಸ್ಟಿನ ಜಮೀನಿನಲ್ಲಿ ಮೇಯುವ ಅದೇ ತಳಿಯ ಕುರಿಗಳ ಉಣ್ಣೆಯದು. ಮರವೂ ಟ್ರಸ್ಟಿನದೇ ಕಾಡುಗಳದು.

ಇನ್ನು ಸೋಲಾರ್. ಚಾವಣಿಯ ದಕ್ಷಿಣದ ಇಳಿಜಾರಿನಲ್ಲಿ ಫಲಕಗಳಿವೆ. ಕಟ್ಟಡಕ್ಕೆ ಬೇಕಾದ ಕರೆಂಟಿನಲ್ಲಿ ಒಂದು ಪಾಲನ್ನಷ್ಟೇ ಅವು ಕೊಡುತ್ತವೆ. ಆ ಪಾಲು ಲೆಕ್ಕಕ್ಕೆ ಬರುವುದೇ ದೀಪ ಮತ್ತು ಏಸಿಯ ಖರ್ಚು ಮೊದಲೇ ಇಳಿದಿರುವುದರಿಂದ. ಫಲಕಗಳನ್ನು ಚಾವಣಿಯ ನೆತ್ತಿಯಿಂದ ಸ್ವಲ್ಪ ಮುಂದಕ್ಕೆ ಚಾಚಿದ್ದಾರೆ. ಬೇಸಿಗೆಯ ಮಧ್ಯಾಹ್ನ, ಸೂರ್ಯ ಎತ್ತರದಲ್ಲಿದ್ದಾಗ, ಆಚೆ ಬದಿಯ ಗಾಜಿಗೆ ನೆರಳು ಕೊಡುವುದೂ ಅವೇ.