ನರಕ್ಕೆ ದಾರಿ ಹೇಳಿದವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ. ಕೂತಲ್ಲೇ ಕಾಲಿನ ಹೆಬ್ಬೆರಳನ್ನು ಒಮ್ಮೆ ಮೇಲಕ್ಕೆತ್ತಿ ನೋಡಿ. ಎದ್ದಿತಲ್ವಾ? ಅದನ್ನು ಎತ್ತಿದ ಸ್ನಾಯು ಇರುವುದು ಮೊಣಕಾಲಿನ ಕೆಳಗೆ. ಅದಕ್ಕೆ ಅಪ್ಪಣೆ ಕೊಟ್ಟ ನರಕೋಶ ಕೂತಿರುವುದು ಬೆನ್ನುಹುರಿಯೊಳಗೆ. ಎರಡರ ನಡುವೆ ಅರ್ಧ ಮೀಟರಿಗೂ ಜಾಸ್ತಿ ಉದ್ದದ ಒಂದೇ ಒಂದು ತಂತು. ಕಾಲಿನಲ್ಲಿ ಅಷ್ಟೊಂದು ಸ್ನಾಯುಗಳಿರುವಾಗ ಅದು ಸರಿಯಾಗಿ ಇದಕ್ಕೇ ಬಂದು ಸೇರಿದ್ದು ಹೇಗೆ?

ಮೊದಲು ಒಂದು ಸಮಾಧಾನದ ಮಾತು. ತಂತು ಅಷ್ಟು ದೂರ ಹುಡುಕಿಕೊಂಡು ಬಂದಿಲ್ಲ. ಐದು ವಾರದ ಭ್ರೂಣ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ, ಕಾಲು ಅಂದರೆ ಆಗಿನ್ನೂ ಒಂದು ಸಣ್ಣ ಮೊಗ್ಗು. ದಾರಿ ಹಿಡಿಯುವ ಕೆಲಸ ಶುರುವಾಗುವುದು ಆಗಲೇ. ಆಮೇಲೆ ಕಾಲು ಬೆಳೆದಂತೆ ನರವೂ ಅದರ ಜೊತೆ ಉದ್ದವಾಗುತ್ತದೆ, ಅಷ್ಟೇ.

ಬೆಳೆಯುವ ತಂತುವಿನ ತುದಿ ಬೆರಳು ಬಿಡಿಸಿದ ಅಂಗೈಯ ಹಾಗಿರುತ್ತದೆ. ಚಾಚುತ್ತದೆ, ತಡವುತ್ತದೆ, ಹಿಂದೆ ಸರಿಯುತ್ತದೆ. 1890ರಲ್ಲಿ ಸ್ಪೇನಿನ ರಾಮೋನ್ ಇ ಕಹಾಲ್ ಇದನ್ನು ಗುರುತಿಸಿದ್ದು ಕತ್ತರಿಸಿ ಬಣ್ಣ ಹಾಕಿದ ಅಂಗಾಂಶದಲ್ಲಿ. ಜೀವಂತವಾಗಿ ಹರಿದಾಡುವುದನ್ನು ಕಂಡವರು ಅಮೆರಿಕದ ರಾಸ್ ಹ್ಯಾರಿಸನ್. 1907ರಲ್ಲಿ ಅವರು ಕಪ್ಪೆ ಭ್ರೂಣದ ಒಂದು ಚೂರನ್ನು ದುಗ್ಧರಸ ಎಂಬ ತಿಳಿಯಾದ ದೇಹದ್ರವದ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತರು.

ಸುಮ್ನೆ ಬೆಳೆದು, ಯಾವ ಸ್ನಾಯು ಸಿಕ್ಕರೆ ಅದನ್ನೇ ಹಿಡಿದುಕೊಳ್ಳುತ್ತದೆ ಅನ್ನಬಹುದಲ್ಲವೇ? ಇದಕ್ಕೆ ಉತ್ತರ ಕೊಟ್ಟಿದ್ದು ಕೋಳಿಮರಿ. 1980ರ ಆಸುಪಾಸಿನಲ್ಲಿ ಸಿಂಥಿಯಾ ಲ್ಯಾನ್ಸ್-ಜೋನ್ಸ್ ಮತ್ತು ಲಿನ್ ಲ್ಯಾಂಡ್‌ಮೆಸರ್ ಮೊಟ್ಟೆಯೊಳಗಿನ ಪುಟ್ಟ ಭ್ರೂಣದಲ್ಲಿ, ಕಾಲಿಗೆ ನರ ಕಳಿಸುವ ಬೆನ್ನುಹುರಿಯ ತುಂಡನ್ನೇ ಕತ್ತರಿಸಿ, ಹಿಂದುಮುಂದು ಮಾಡಿ ಅದೇ ಜಾಗದಲ್ಲಿ ಕೂರಿಸಿದರು. ಆಗ ತಂತುಗಳು ಇನ್ನೂ ಹೊರಟಿರಲೇ ಇಲ್ಲ. ಈಗ ಅವು ತಪ್ಪು ಬಾಗಿಲಿನಿಂದ ಹೊರಬರಬೇಕು. ಬಂದವು. ಕಾಲಿನ ಬುಡದಲ್ಲಿ ನರಗಳೆಲ್ಲ ಒಟ್ಟು ಸೇರುವ ಕಡೆ ಬಂದು, ಒಂದನ್ನೊಂದು ಅಡ್ಡ ಹಾಯ್ದು, ಹೊಸ ದಾರಿ ಹಿಡಿದು, ತಮ್ಮ ಹಳೆಯ ಸ್ನಾಯುವಿಗೇ ಹೋಗಿ ಸೇರಿದವು! ಅಂದರೆ ಹೊರಡುವ ಮೊದಲೇ ನರಕೋಶಕ್ಕೆ ತಾನು ಯಾರ ಪಾಲಿನದು ಅಂತ ಗೊತ್ತು. ಇದರಷ್ಟು ಚೆಂದದ ಪ್ರಯೋಗ ಜೀವವಿಜ್ಞಾನದಲ್ಲಿ ಜಾಸ್ತಿ ಇಲ್ಲ ಅಂತ ನನ್ನ ಅಭಿಪ್ರಾಯ. ಹಾಗಂತ ಇದಕ್ಕೂ ಮಿತಿ ಇದೆ. ತೀರಾ ದೂರ ಸರಿಸಿ ಇಟ್ಟರೆ ಅವೂ ದಾರಿ ತಪ್ಪುತ್ತವೆ.

ಸ್ನಾಯುವೇ ಕರೆಯುತ್ತಿರಬಹುದೇ? ಪೂರ್ತಿ ಹಾಗೂ ಅಲ್ಲ. ಸ್ನಾಯುಕೋಶಗಳೇ ಇಲ್ಲದ ಹಾಗೆ ಮಾಡಿದ ಕೋಳಿಭ್ರೂಣದ ರೆಕ್ಕೆಯಲ್ಲೂ ದೊಡ್ಡ ನರಗಳು ಸರಿಯಾದ ದಾರಿಯಲ್ಲೇ ಬೆಳೆಯುತ್ತವೆ. ದಾರಿಯ ಗುರುತು ಸುತ್ತಲಿನ ಅಂಗಾಂಶದಲ್ಲಿದೆ. ಕಾಲಿನ ಬುಡದಲ್ಲಿ ಒಂದು ಕವಲು ಬರುತ್ತದೆ, ಮೇಲ್ಭಾಗಕ್ಕೋ ಕೆಳಭಾಗಕ್ಕೋ ಅಂತ. ಕೆಳಭಾಗದ ಕೋಶಗಳ ಮೈಮೇಲೆ ಎಫ್ರಿನ್ ಎಂಬ ಪ್ರೋಟೀನ್ ಇರುತ್ತದೆ. ಅದನ್ನು ಗುರುತಿಸುವ ಗ್ರಾಹಕ, ಅದರ ಹೆಸರು ಎಫ್‌ಎ4, ಯಾವ ತಂತುವಿನ ಮೇಲೆ ಜಾಸ್ತಿ ಇದೆಯೋ ಅದು ತಾಗಿದ ಕೂಡಲೇ ಹಿಂಜರಿದು ಮೇಲಿನ ದಾರಿ ಹಿಡಿಯುತ್ತದೆ. ಈ ಗ್ರಾಹಕವೇ ಇಲ್ಲದ ಇಲಿಗಳಲ್ಲಿ, ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಹೋಗಬೇಕಾದ ಎಷ್ಟೋ ತಂತುಗಳು ಕೆಳಗೆ ಇಳಿದುಬಿಡುತ್ತವೆ.

ತಲುಪಿದರೂ ಕತೆ ಮುಗಿಯುವುದಿಲ್ಲ. ಸ್ನಾಯುಗಳಿಗೆ ಅಪ್ಪಣೆ ಕೊಡಲು ಹುಟ್ಟಿದ ಚಲನ ನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದಲ್ಲೇ ಸಾಯುತ್ತವೆ. ಸ್ನಾಯುವಿನಿಂದ ಬರುವ ಪೋಷಕ ವಸ್ತು ಸಾಕಷ್ಟು ಸಿಕ್ಕಿದ್ದು ಉಳಿಯುತ್ತದೆ, ಉಳಿದವು ಇಲ್ಲ.

ದೊಡ್ಡವರಾದ ಮೇಲೆ ನರ ತುಂಡಾದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಆದರೆ ಭ್ರೂಣದಲ್ಲಿದ್ದಷ್ಟು ಸ್ಪಷ್ಟವಾದ ಗುರುತುಗಳು ಆಗ ಸಿಗುವುದಿಲ್ಲ. ಮುಖದ ನರಕ್ಕೆ ಜೋರು ಪೆಟ್ಟಾಗಿ ಚೇತರಿಸಿಕೊಂಡ ಕೆಲವರು ನಕ್ಕರೆ ಅದೇ ಪಕ್ಕದ ಕಣ್ಣೂ ಮುಚ್ಚಿಕೊಳ್ಳುತ್ತದೆ. ಬಾಯಿಗೆ ಹೋಗಬೇಕಿದ್ದ ತಂತುಗಳಲ್ಲಿ ಕೆಲವು ಕಣ್ಣಿನ ಸ್ನಾಯುವಿಗೆ ಹೋಗಿ ಸೇರಿರುತ್ತವೆ.